ಕರಿಬೇವಿನ ಗಿಡ, ಮಳೆ ನಕ್ಷತ್ರ, ಒಂದು ಬಿಳಿ ಹಾಳೆ: ಮನೆಯಲ್ಲೇ ಮಕ್ಕಳ ಪ್ರಕೃತಿ ದಿನಚರಿ

ಒಗ್ಗರಣೆಗೆಂದು ದಿನವೂ ಕೈ ಹಾಕುವ ಕರಿಬೇವಿನ ಗಿಡದ ಮುಂದೆ ಮಗುವನ್ನು ನಿಲ್ಲಿಸಿ, ಒಂದು ಎಸಳಿನಲ್ಲಿ ಎಷ್ಟು ಎಲೆಗಳಿವೆ ಎಂದು ಕೇಳಿ. ಹದಿನೈದು, ಹದಿನೇಳು ಎಂದು ಎಣಿಸಿ ಹೇಳೀತು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅಲ್ಲಿರುವುದು ಒಂದೇ ಎಲೆ. ಇಡೀ ಎಸಳೇ ಒಂದು ಎಲೆ. ನಾವು ಸಾರಿನಿಂದ ಎತ್ತಿ ತಟ್ಟೆಯಂಚಿಗೆ ಇಡುವುದು ಅದರ ಕಿರುಎಲೆ. ದೊಡ್ಡವರು ಹೇಳಿದರೆಂದು ಮಗು ಇದನ್ನು ನಂಬಬೇಕಾಗಿಲ್ಲ. ಎಲೆ ಕಾಂಡಕ್ಕೆ ಕೂಡುವ ಕಂಕುಳಲ್ಲಿ ಒಂದು ಪುಟ್ಟ ಮೊಗ್ಗು ಇರುತ್ತದೆ, ಮುಂದೆ ಕೊಂಬೆಯಾಗುವುದು ಅದೇ. ಎಸಳನ್ನು ಮುರಿಯದೆ ಗಿಡದಲ್ಲೇ ಬಿಟ್ಟು ಅದರ ಬುಡವನ್ನು ಭೂತಗನ್ನಡಿಯಲ್ಲಿ ನೋಡಿದರೆ ಆ ಮೊಗ್ಗು ಸಿಗುತ್ತದೆ. (ಕಿತ್ತ ಎಸಳಿನಲ್ಲಿ ಹುಡುಕಿದರೆ ಸಿಗದು, ಮೊಗ್ಗು ಕಾಂಡದಲ್ಲೇ ಉಳಿದಿರುತ್ತದೆ.) ಕಿರುಎಲೆಗಳ ಬುಡದಲ್ಲಿ ಎಷ್ಟು ತಡಕಿದರೂ ಮೊಗ್ಗಿಲ್ಲ.

ಇನ್ನೂ ಒಂದಿದೆ. ತುದಿಯಲ್ಲಿ ಒಂಟಿ ಕಿರುಎಲೆ ಇರುವುದರಿಂದ ಒಟ್ಟು ಸಂಖ್ಯೆ ಬೆಸವೇ ಆಗಬೇಕು ಎಂದು ಚುರುಕಾದ ಮಗು ಲೆಕ್ಕ ಹಾಕುತ್ತದೆ. ಹತ್ತು ಎಸಳು ಎಣಿಸಲಿ. ಕೆಲವು ಸಮ ಸಂಖ್ಯೆಯವೂ ಸಿಗುತ್ತವೆ, ಏಕೆಂದರೆ ಕರಿಬೇವಿನ ಕಿರುಎಲೆಗಳು ಎಲ್ಲ ಕಡೆ ಎದುರುಬದುರಾಗಿ ಜೋಡಿ ಕೂತಿರುವುದಿಲ್ಲ. ಒಂದು ಬದಿಯಲ್ಲಿ ಎಂಟು, ಇನ್ನೊಂದು ಬದಿಯಲ್ಲಿ ಏಳು ಇರಬಹುದು. ಹತ್ತು ಎಸಳು, ಹತ್ತು ಸಂಖ್ಯೆ, ಒಂದು ಚಿತ್ರ, ಮೊಗ್ಗು ಎಲ್ಲಿದೆ ಎಂದು ತೋರಿಸುವ ಒಂದು ಬಾಣದ ಗುರುತು. ಪ್ರಕೃತಿ ದಿನಚರಿಯ ಮೊದಲ ಪುಟಕ್ಕೆ ಇಷ್ಟು ಸಾಕು. ಕಾಡಿಗೆ ಹೋಗಬೇಕಿಲ್ಲ, ಹಕ್ಕಿಗಳ ಹೆಸರು ಗೊತ್ತಿರಬೇಕಿಲ್ಲ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ, ಕಣ್ಣಿಗೆ ಕಂಡದ್ದನ್ನು ಮಾತ್ರ, ಅಳೆದು ಎಣಿಸಿ ಬರೆಯುವುದು ಇದರ ಜೀವಾಳ.

ಬೇಕಾಗುವ ಸಾಮಾನು

ಗೆರೆಯಿಲ್ಲದ ನೋಟ್‌ಬುಕ್, ಎ5 ಅಳತೆಯದು, ಸುಮಾರು 120 ಪುಟ. ಕಾಗದ 100ರಿಂದ 120 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಇದ್ದರೆ ಒಳ್ಳೆಯದು. ಶಾಲೆಯ ಮಾಮೂಲಿ ನೋಟ್‌ಬುಕ್ಕಿನ ತೆಳು ಹಾಳೆಗೆ ನೀರುಬಣ್ಣ ಹಚ್ಚಿದರೆ ಸುಕ್ಕುಗಟ್ಟುತ್ತದೆ, ಹಿಂದಿನ ಪುಟಕ್ಕೂ ಇಳಿಯುತ್ತದೆ. ಅಂಥ ನೋಟ್‌ಬುಕ್ ಮಾತ್ರ ಇದ್ದರೆ ಬಣ್ಣದ ಪೆನ್ಸಿಲ್ ಬಳಸಿ. ಪೆನ್ಸಿಲ್ ಒಂದು ಎಚ್‌ಬಿ, ಒಂದು 2ಬಿ. 15 ಸೆಂಟಿಮೀಟರಿನ ಸ್ಕೇಲು. ಮರದ ಸುತ್ತಳತೆಗೆ ದರ್ಜಿಯ ಟೇಪು. ಪರೀಕ್ಷೆಗೆ ಒಯ್ಯುವ ಪ್ಯಾಡಿಗೆ ನೋಟ್‌ಬುಕ್ಕನ್ನು ಕ್ಲಿಪ್ಪಿನಿಂದ ಸಿಕ್ಕಿಸಿದರೆ ನಿಂತಲ್ಲೇ ಬರೆಯಬಹುದು. ಜೆಲ್ ಪೆನ್ನು ಬೇಡ, ಮಳೆಗಾಲದ ಒಂದು ಹನಿ ಬಿದ್ದರೆ ಇಡೀ ಸಾಲು ಹರಡಿಹೋಗುತ್ತದೆ. ರಬ್ಬರನ್ನು ಮನೆಯೊಳಗೇ ಬಿಟ್ಟು ಹೊರಡಿ. ರಬ್ಬರ್ ಕೈಯಲ್ಲಿದ್ದರೆ ಮಗುವಿನ ಕಣ್ಣು ಎಲೆಯ ಮೇಲಿಂದ ಕಾಗದಕ್ಕೆ ಹೋಗಿ ಅಲ್ಲೇ ನಿಂತುಬಿಡುತ್ತದೆ. ತಪ್ಪಿದ ಗೆರೆಯ ಪಕ್ಕದಲ್ಲೇ ಸರಿಯಾದ ಗೆರೆ ಎಳೆಯಲಿ.

ಭೂತಗನ್ನಡಿಯನ್ನು ಬಹುತೇಕ ಮಕ್ಕಳು ತಪ್ಪಾಗಿ ಹಿಡಿಯುತ್ತಾರೆ. ವಸ್ತುವಿನ ಮೇಲೆ ಗಾಜು ಹಿಡಿದು ದೂರದಿಂದ ಬಗ್ಗಿ ನೋಡುವುದು ಎರಡು ಮೂರು ಪಟ್ಟು ಹಿಗ್ಗಿಸುವ ದೊಡ್ಡ ಗಾಜಿಗೆ ಸರಿ. 10 ಪಟ್ಟು ಹಿಗ್ಗಿಸುವ ಪುಟ್ಟ ಮಡಚುವ ಗಾಜಾದರೆ ಅದನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಇಟ್ಟು, ಎಲೆಯನ್ನು ಗಾಜಿನತ್ತ ತರಬೇಕು. ಎಲೆಗೂ ಗಾಜಿಗೂ ಸುಮಾರು 2.5 ಸೆಂಟಿಮೀಟರ್ ಅಂತರ ಬಂದಾಗ ಥಟ್ಟನೆ ಸ್ಪಷ್ಟವಾಗುತ್ತದೆ. ಕೈ ನಡುಗದಂತೆ ಗಾಜು ಹಿಡಿದ ಕೈಯನ್ನು ಕೆನ್ನೆಗೆ ಒರಗಿಸಿಕೊಳ್ಳಲಿ. ಗಾಜಿನಲ್ಲಿ ಸೂರ್ಯನನ್ನು ನೋಡಬಾರದು ಎಂಬುದನ್ನು ಗಾಜು ಕೊಡುವ ಮೊದಲೇ ಹೇಳಿ, ಆಮೇಲೆ ಅಲ್ಲ.

ಪುಟದ ತಲೆ

ಚಿತ್ರ ಶುರುವಾಗುವ ಮೊದಲು ಪುಟದ ಮೇಲ್ತುದಿಯಲ್ಲಿ ಒಂದು ಸಾಲು: ದಿನಾಂಕ, ಗಂಟೆ, ಜಾಗ, ಹವೆ. ಜಾಗ ಎಂದರೆ "ಮನೆ" ಅಲ್ಲ, "ಹಿತ್ತಲು, ನಲ್ಲಿಯ ಪಕ್ಕದ ಕುಂಡ". ಹವೆ ಎಂದರೆ "ಚೆನ್ನಾಗಿದೆ" ಅಲ್ಲ, "ಆಕಾಶದ ಅರ್ಧ ಮೋಡ, ಎಲೆ ಅಲುಗುವಷ್ಟು ಗಾಳಿ, ನಿನ್ನೆ ರಾತ್ರಿ ಮಳೆ". ಈ ಸಾಲನ್ನು ಕೊನೆಗೆ ಬರೆಯೋಣ ಎಂದು ಬಿಟ್ಟರೆ ಅರ್ಧಕ್ಕರ್ಧ ಪುಟಗಳಲ್ಲಿ ಅದು ಇರುವುದೇ ಇಲ್ಲ. ದಿನಾಂಕವಿಲ್ಲದ ಚಿತ್ರ ಎಷ್ಟೇ ಚೆಂದವಿದ್ದರೂ ಮುಂದಿನ ವರ್ಷ ಯಾವುದರ ಜೊತೆಗೂ ಹೋಲಿಸಲಾಗದು.

ಅದರ ಕೆಳಗೆ ಹಾಳೆಯನ್ನು ಎರಡು ಪಾಲು ಮಾಡಿ. ಅಗಲದ ಪಾಲು "ಕಂಡದ್ದು". ಸಪೂರದ ಪಾಲು "ಅಂದುಕೊಂಡದ್ದು". ಇಡೀ ವಿದ್ಯೆ ಈ ಒಂದು ಗೆರೆಯಲ್ಲಿದೆ ಎಂದರೆ ಅತಿಶಯವಲ್ಲ. "ಕಾಗೆಗೆ ಕೋಪ ಬಂದಿದೆ" ಎಂದು ಮಗು ಹೇಳಿದಾಗ ತಪ್ಪೆನ್ನಬೇಡಿ, ಅದು ಅಂದುಕೊಂಡದ್ದರ ಪಾಲಿಗೆ ಹೋಗಲಿ. ಕಂಡದ್ದರ ಪಾಲಿನಲ್ಲಿ ಏನು ಬರೆಯುತ್ತೀಯ ಎಂದು ಕೇಳಿದರೆ ಮಗು ಮತ್ತೊಮ್ಮೆ ನೋಡಲೇಬೇಕು: ಕಾಗೆ ತಲೆ ತಗ್ಗಿಸಿದೆ, ಕತ್ತಿನ ಗರಿ ನಿಮಿರಿದೆ, ಕೊಂಬೆಗೆ ಕೊಕ್ಕು ಉಜ್ಜುತ್ತಿದೆ, ಆರು ಸಲ ಕೂಗಿತು, ಎದುರಿನ ಮರದಲ್ಲಿ ಕೋಗಿಲೆ ಇದೆ. ಈಗ ಅಂದುಕೊಂಡದ್ದಕ್ಕೂ ಬಲ ಬಂತು. ಕೋಗಿಲೆ ಮೊಟ್ಟೆಯಿಡುವುದು ಕಾಗೆಯ ಗೂಡಿನಲ್ಲಿ ತಾನೆ.

ಚಿತ್ರ ಬರೆಯುವುದು ನೋಡಲಿಕ್ಕಾಗಿ

ಎಲೆ ಬರೆ ಎಂದರೆ ಮಗು ಮಾವಿನೆಲೆಯಂಥ ಒಂದು ಆಕಾರ ಬರೆದು ನಡುವೆ ಗೆರೆ ಎಳೆಯುತ್ತದೆ. ಎದುರಿಗೆ ದಾಸವಾಳದ ಗರಗಸದಂಚಿನ ಎಲೆಯಿದ್ದರೂ ಅಷ್ಟೆ. ಅದು ಬರೆದಿರುವುದು ತಲೆಯೊಳಗಿನ ಎಲೆ. ಇದನ್ನು ಬಿಡಿಸಲು ಚಿತ್ರಕಲೆಯ ಪಾಠ ಬೇಡ, ಅಳತೆ ಸಾಕು. ಮೊದಲು ಒಂದು ನಿಮಿಷ ಪೆನ್ಸಿಲ್ ಕೆಳಗಿಟ್ಟು ನೋಡುವುದು. ಆಮೇಲೆ ಎಲೆಯ ಉದ್ದ ಅಳೆದು, ಅಷ್ಟೇ ಉದ್ದದ ತೆಳು ಗೆರೆ ಹಾಳೆಯ ಮೇಲೆ. ಅತಿ ಅಗಲವಾದ ಜಾಗ ಎಲ್ಲಿದೆ, ನಡುವೆಯೋ ಬುಡಕ್ಕೆ ಹತ್ತಿರವೋ? ಅಲ್ಲಿ ಅಡ್ಡಗೆರೆ. ತುದಿ ಚೂಪೋ ಮೊಂಡೋ? ಎಡಬಲದ ಬುಡ ಒಂದೇ ಸಮವಿದೆಯೋ? (ಬೇವಿನ ಕಿರುಎಲೆಯ ಬುಡ ಓರೆಯಾಗಿರುತ್ತದೆ, ಒಂದು ಬದಿ ಮೇಲೆ ಶುರುವಾದರೆ ಇನ್ನೊಂದು ಬದಿ ಕೆಳಗೆ. ಅಳೆಯದ ಮಗುವಿಗೆ ಇದು ಕಾಣುವುದಿಲ್ಲ.) ಅಂಚು ಕೊನೆಗೆ. ನರಗಳಲ್ಲಿ ಎರಡು ಮೂರನ್ನು ಸರಿಯಾಗಿ ಬರೆದರೆ ಸಾಕು, ಎಲ್ಲವನ್ನೂ ತುಂಬುವ ಹಟ ಬೇಡ. ಪಕ್ಕದಲ್ಲಿ "ನಿಜ ಅಳತೆ" ಅಥವಾ "3 ಪಟ್ಟು ದೊಡ್ಡದು" ಎಂದು ಬರೆಯಲೇಬೇಕು.

ಫೋನಿನ ಫೋಟೋ ನೋಡಿ ಬರೆಯುವುದು ಸುಲಭ, ಆದರೆ ಫೋಟೋವನ್ನು ತಿರುಗಿಸಿ ಎಲೆಯ ಹಿಂಬದಿ ನೋಡಲಾಗದು. ಹಕ್ಕಿಯಂತೂ ಕೂತಲ್ಲಿ ಕೂರದು. ಹಾಗಾಗಿ ಒಂದೇ ಪುಟದಲ್ಲಿ ಐದಾರು ಅರೆಬರೆ ಚಿತ್ರಗಳನ್ನು ಶುರು ಮಾಡಿಡಲಿ. ಪಿಕಳಾರ (ಬುಲ್‌ಬುಲ್) ಅದೇ ಭಂಗಿಗೆ ಮರಳಿದಾಗ ಆ ಚಿತ್ರಕ್ಕೆ ಎರಡು ಗೆರೆ ಸೇರಿಸಲಿ. ಚಿತ್ರವನ್ನು ತಿದ್ದುವ ಕೈಯನ್ನು ದೊಡ್ಡವರು ಕಟ್ಟಿಕೊಳ್ಳಬೇಕು. "ಚೆನ್ನಾಗಿದೆ" ಎಂಬ ಮಾತೂ ಅಷ್ಟೇನೂ ಉಪಕಾರಿಯಲ್ಲ, ಮುಂದಿನ ಸಲ ಮಗು ಚೆನ್ನಾಗಿ ಕಾಣುವುದಕ್ಕಾಗಿ ಬರೆಯುತ್ತದೆ. "ಈ ಕಾಲು ಎಲ್ಲಿಂದ ಹೊರಟಿದೆ?" ಎಂಬ ಪ್ರಶ್ನೆ ವಾಸಿ. ಚಿಟ್ಟೆಯ ನಾಲ್ಕು ರೆಕ್ಕೆ, ಆರು ಕಾಲು ಎಲ್ಲವೂ ತಲೆಗೂ ಹೊಟ್ಟೆಗೂ ನಡುವಿನ ಎದೆಭಾಗದಿಂದಲೇ ಹೊರಡುತ್ತವೆ. ಮಕ್ಕಳ ಚಿತ್ರಗಳಲ್ಲಿ ಅವು ಬಹುಪಾಲು ಹೊಟ್ಟೆಯಿಂದ ಹೊರಟಿರುತ್ತವೆ.

ಒಂದು ಹುಳು, ಒಂದು ತಿಂಗಳು

ಕರಿಬೇವು, ನಿಂಬೆ ಗಿಡ ಮನೆಯಲ್ಲಿದ್ದರೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗದು. ನಿಂಬೆ ಚಿಟ್ಟೆ ಮತ್ತು ಕಾಮನ್ ಮಾರ್ಮನ್ ಎಂಬ ಚಿಟ್ಟೆ, ಎರಡೂ ಈ ಗಿಡಗಳನ್ನು ಹುಡುಕಿಕೊಂಡು ಬಂದು ಎಳೆ ಚಿಗುರಿನ ಮೇಲೆ ಒಂದೊಂದೇ ಮೊಟ್ಟೆಯಿಡುತ್ತವೆ. ಸುಮಾರು ಒಂದು ಮಿಲಿಮೀಟರಿನ ತಿಳಿಹಳದಿ ಗುಂಡು, ರವೆಯ ಕಾಳಿನಂತೆ. ಮೂರರಿಂದ ಐದು ದಿನಕ್ಕೆ ಮೊಟ್ಟೆ ಕಪ್ಪಾಗಿ ಒಡೆಯುತ್ತದೆ. ಹೊರಬಂದ ಮರಿಹುಳುವಿನ ಮೊದಲ ಊಟ ಸಾಮಾನ್ಯವಾಗಿ ತನ್ನದೇ ಮೊಟ್ಟೆಯ ಸಿಪ್ಪೆ.

"ಅಮ್ಮಾ, ಇಲ್ಲಿ ಹಕ್ಕಿ ಹಿಕ್ಕೆ ಹಾಕಿದೆ."

"ಹೌದೇನೋ? ಒರೆಸಬೇಡ, ನಾಳೆಯೂ ಅಲ್ಲೇ ಇರುತ್ತಾ ನೋಡು."

ಮರುದಿನ ಆ ಹಿಕ್ಕೆ ಪಕ್ಕದ ಎಲೆಗೆ ಹೋಗಿರುತ್ತದೆ. ಮೊದಲ ಕೆಲವು ಹಂತಗಳಲ್ಲಿ ಈ ಹುಳುವಿನ ಬಣ್ಣವೇ ಹಾಗೆ, ಕಂದುಕಪ್ಪಿನ ನಡುವೆ ಬಿಳಿ ಪಟ್ಟೆ. ಹಕ್ಕಿಯ ಕಣ್ಣು ತಪ್ಪಿಸುವ ಉಪಾಯ. ಹುಳು ನಾಲ್ಕು ಸಲ ಪೊರೆ ಕಳಚುತ್ತದೆ. ನಾಲ್ಕನೆಯ ಸಲ ಕಳಚಿದಾಗ ಒಳಗಿನಿಂದ ಹಸಿರು ಹುಳು ಬರುತ್ತದೆ, ಭುಜದ ಮೇಲೆ ಕಣ್ಣಿನಂಥ ಗುರುತು. ಅದು ಕಣ್ಣಲ್ಲ. ನಿಜವಾದ ತಲೆ ಕೆಳಗೆ ಮುದುಡಿಕೊಂಡಿರುತ್ತದೆ, ಕಡ್ಲೆಬೇಳೆಗಿಂತ ಚಿಕ್ಕದು. ಕಡ್ಡಿಯ ತುದಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಬಣ್ಣದ ಕೊಂಬು ಚಾಚಿ ಘಾಟು ವಾಸನೆ ಬಿಡುತ್ತದೆ. ಒಂದು ಸಲ ಸಾಕು, ಆಟವಾಗಬಾರದು.

ಕೀಟಕ್ಕೆ ಆರು ಕಾಲು ಎಂದು ಪಠ್ಯದಲ್ಲಿ ಓದಿದ ಮಗು ಈ ಹುಳುವಿಗೆ ಎಣಿಸಿದರೆ ಹದಿನಾರು ಸಿಗುತ್ತದೆ. ಯಾರು ಸರಿ? ಭೂತಗನ್ನಡಿ ತೆಗೆಯುವ ಹೊತ್ತು ಇದು. ಮುಂದಿನ ಮೂರು ಜೊತೆ ಚೂಪಾದ, ಗಂಟುಗಳಿರುವ ಕಾಲು. ಹಿಂದಿನ ಐದು ಜೊತೆ ಮೆತ್ತಗಿನ ಮಾಂಸದ ಕುಚ್ಚು, ಕೊಂಬೆ ಹಿಡಿಯಲಿಕ್ಕೆ. ಚಿಟ್ಟೆಯಲ್ಲಿ ಉಳಿಯುವುದು ಮುಂದಿನ ಆರು ಮಾತ್ರ.

ಪ್ರತಿದಿನ ಒಂದೇ ಹೊತ್ತಿಗೆ ಉದ್ದ ಅಳೆಯಿರಿ. ಹುಳುವನ್ನು ಎತ್ತಬೇಡಿ, ಸ್ಕೇಲನ್ನು ಎಲೆಯ ಪಕ್ಕ ಹಿಡಿದರೆ ಸಾಕು. ಎರಡು ಮೂರು ಮಿಲಿಮೀಟರಿನಿಂದ ಶುರುವಾಗಿ ಸುಮಾರು ನಾಲ್ಕು ಸೆಂಟಿಮೀಟರಿನವರೆಗೆ ಬೆಳೆಯುತ್ತದೆ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ದಿನ, ಮೇಲಕ್ಕೆ ಉದ್ದ. ಎರಡು ಮೂರು ವಾರದ ಗೆರೆ ನೇರವಾಗಿ ಏರುವುದಿಲ್ಲ: ಪೊರೆ ಕಳಚುವ ಮುನ್ನ ಹುಳು ತಿನ್ನದೆ ಅಲುಗದೆ ಕೂರುತ್ತದೆ, ಅಲ್ಲಿ ಗೆರೆ ಮಟ್ಟಸ. ಆಗ ಹುಳು ಸತ್ತಿದೆ ಎಂದು ತಿಳಿದು ಅಲುಗಿಸಿದರೆ ಪೊರೆ ಸರಿಯಾಗಿ ಕಳಚದೆ ನಿಜಕ್ಕೂ ಸಾಯಬಹುದು. ತಿನ್ನುವುದರ ಬಹುಪಾಲು ಕೊನೆಯ ಹಂತದಲ್ಲಿ. ಕುಂಡದ ಸಣ್ಣ ಗಿಡದಲ್ಲಿ ಐದಾರು ಹುಳು ಇದ್ದರೆ ಗಿಡ ಬೋಳಾಗುತ್ತದೆ, ಆದರೆ ಆರೋಗ್ಯವಾದ ಕರಿಬೇವು ಮತ್ತೆ ಚಿಗುರುತ್ತದೆ.

ಗಿಡದ ಮೇಲೇ ಬಿಟ್ಟು ನೋಡುವುದು ಎಲ್ಲಕ್ಕಿಂತ ಒಳ್ಳೆಯದು. ಬುಲ್‌ಬುಲ್ ಬಂದು ತಿಂದುಹೋದರೆ ಅದನ್ನೂ ಬರೆಯಬೇಕು. ಒಳಗೆ ತಂದು ಸಾಕುವುದಾದರೆ ಅಗಲ ಬಾಯಿಯ ದೊಡ್ಡ ಡಬ್ಬ, ಮುಚ್ಚಳದ ಬದಲು ತೆಳು ಬಟ್ಟೆ, ರಬ್ಬರ್ ಬ್ಯಾಂಡ್. ಒಳಗೆ ಪುಟ್ಟ ಸೀಸೆಯಲ್ಲಿ ನೀರು ಹಾಕಿ ಕರಿಬೇವಿನ ಕೊಂಬೆ ಇಡಿ, ಸೀಸೆಯ ಬಾಯಿಗೆ ಹತ್ತಿ ತುರುಕಿ. ಇಲ್ಲದಿದ್ದರೆ ಹುಳು ಕಾಂಡ ಹಿಡಿದು ಇಳಿದು ನೀರಿನಲ್ಲಿ ಮುಳುಗುತ್ತದೆ. ತಳದಲ್ಲಿ ಹಾಸಿದ ಕಾಗದವನ್ನು ದಿನವೂ ಬದಲಿಸಿ, ಹಿಕ್ಕೆ ಒದ್ದೆಯಾಗಿ ಬೂಸ್ಟು ಹಿಡಿದರೆ ಹುಳು ಕಾಯಿಲೆ ಬೀಳುತ್ತದೆ. ಅಂಗಡಿಯಿಂದ ತಂದ ಕರಿಬೇವು ಹಾಕಲೇಬೇಡಿ. ಕೀಟನಾಶಕದ ಪಸೆ ಉಳಿದ ಎಲೆ ತಿಂದರೆ ಹುಳು ಒಂದೆರಡು ದಿನದಲ್ಲೇ ಸಾಯಬಹುದು.

ಕೋಶ ಕಟ್ಟುವ ಮುನ್ನ ಹುಳು ನೀರಾಗಿ ಹಿಕ್ಕೆ ಹಾಕಿ ಅಲೆದಾಡುತ್ತದೆ. ಅದು ಕಾಯಿಲೆಯಲ್ಲ. ಆಮೇಲೆ ಕಡ್ಡಿಗೆ ಬಾಲ ಅಂಟಿಸಿ, ಸೊಂಟಕ್ಕೆ ರೇಷ್ಮೆಯ ಒಂದು ಎಳೆ ಬಿಗಿದು, ತೆಂಗಿನ ಮರ ಏರುವವನಂತೆ ಹಿಂದಕ್ಕೆ ಒರಗಿ ನಿಲ್ಲುತ್ತದೆ. ಕೋಶದ ಬಣ್ಣ ಹಸಿರಾಗುವುದೋ ಕಂದಾಗುವುದೋ ಸುತ್ತಲಿನ ಜಾಗವನ್ನು ಅವಲಂಬಿಸಿದೆ. ಎಂಟರಿಂದ ಹದಿನಾಲ್ಕು ದಿನ, ಚಳಿಗಾಲದಲ್ಲಿ ಇನ್ನೂ ಹೆಚ್ಚು. ಹೊರಬಂದ ಚಿಟ್ಟೆಯ ರೆಕ್ಕೆ ಮುದುಡಿದ ಒದ್ದೆ ಕರವಸ್ತ್ರದಂತಿರುತ್ತದೆ. ಅದು ತಲೆ ಮೇಲಾಗಿ ತೂಗಿ, ರೆಕ್ಕೆಯ ನರಗಳಿಗೆ ದ್ರವ ತುಂಬಿ ಅರಳಿಸಬೇಕು. ಡಬ್ಬ ಕಿರಿದಾಗಿದ್ದರೆ, ಹತ್ತಲು ಒರಟಾದ ಕಡ್ಡಿ ಇಲ್ಲದಿದ್ದರೆ, ರೆಕ್ಕೆ ಮುದುಡಿದಂತೆಯೇ ಒಣಗುತ್ತದೆ, ಮತ್ತೆಂದೂ ಹಾರದು. ಮನೆಯಲ್ಲಿ ಚಿಟ್ಟೆ ಸಾಕುವವರು ಮಾಡುವ ಅತಿ ದೊಡ್ಡ ತಪ್ಪು ಇದು. ಎರಡು ಗಂಟೆ ಬಿಟ್ಟು ಹೊರಗೆ ಬಿಡಿ.

ಕೆಲವು ಸಲ ಕೋಶದಿಂದ ಚಿಟ್ಟೆ ಬರುವುದಿಲ್ಲ. ದುಂಡನೆಯ ಒಂದು ತೂತು, ಅಲ್ಲಿಂದ ಹತ್ತಾರು ಪುಟ್ಟ ಕಣಜಗಳು ಬರುತ್ತವೆ. ಅವುಗಳ ತಾಯಿ ಕಣಜ, ಹುಳು ಕೋಶ ಕಟ್ಟಿದ ಹೊಸತರಲ್ಲೇ ಒಳಗೆ ಮೊಟ್ಟೆಯಿಟ್ಟಿರುತ್ತದೆ. ಮಗು ಅಳಬಹುದು. ಆ ಪುಟವನ್ನು ಹರಿಯಬೇಡಿ, ಕಣಜಗಳನ್ನು ಎಣಿಸಿ ಬರೆಯಿರಿ. ಕರಿಬೇವು ಪ್ರತಿವರ್ಷ ಪೂರ್ತಿ ಬೋಳಾಗದೆ ಉಳಿಯುವುದು ಇಂಥವುಗಳಿಂದಲೂ ಹೌದು.

ಹೆಸರು ಯಾವಾಗ? ಎರಡೂ ಚಿಟ್ಟೆಗಳ ಮರಿಹುಳುಗಳು ನೋಡಲು ಹತ್ತಿರಹತ್ತಿರ. ಚಿಟ್ಟೆ ಬರುವವರೆಗೆ ಹೆಸರಿನ ಜಾಗ ಖಾಲಿ ಇರಲಿ. ಹಿಂಬದಿ ರೆಕ್ಕೆಗೆ ಬಾಲವಿಲ್ಲದೆ, ಕಪ್ಪಿನ ಮೇಲೆ ಹಳದಿ ಮಚ್ಚೆ ತುಂಬಿದ್ದರೆ ನಿಂಬೆ ಚಿಟ್ಟೆ. ಬಾಲವಿದ್ದು, ಹಿಂಬದಿ ರೆಕ್ಕೆಗೆ ಅಡ್ಡಲಾಗಿ ಬಿಳಿ ಮಚ್ಚೆಗಳ ಸಾಲಿದ್ದರೆ ಕಾಮನ್ ಮಾರ್ಮನ್ ಗಂಡು. ಹೆಣ್ಣು ಗೊಂದಲಕ್ಕೆ ಕೆಡವುತ್ತದೆ, ಅದರ ಒಂದು ರೂಪ ಕಾಮನ್ ರೋಸ್ ಎಂಬ ವಿಷದ ಚಿಟ್ಟೆಯನ್ನೇ ಹೋಲುತ್ತದೆ. ಹೆಸರು ಹೇಳುವ ಆ್ಯಪ್‌ಗಳಿವೆ, ಉಪಯುಕ್ತವೂ ಹೌದು. ಆದರೆ ಅವುಗಳ ಸರದಿ ಚಿತ್ರ ಮುಗಿದ ಮೇಲೆ. ಹೆಸರು ಮೊದಲೇ ಸಿಕ್ಕಿಬಿಟ್ಟರೆ ಮಕ್ಕಳು ನೋಡುವುದನ್ನು ಅಲ್ಲಿಗೇ ನಿಲ್ಲಿಸುತ್ತಾರೆ.

ವರ್ಷಕ್ಕೆ 27 ತೆರೆಪುಟ

ದಿನಚರಿ ಎಂದರೆ ದಿನವೂ ಬರೆಯಬೇಕೆಂದು ಹೊರಟವರು ಮೂರನೇ ವಾರಕ್ಕೆ ಸೋಲುತ್ತಾರೆ. ವಾರಕ್ಕೊಮ್ಮೆ 20 ನಿಮಿಷ ಸಾಕು. ವರ್ಷವನ್ನು ವಿಭಾಗಿಸಲು ನಮ್ಮಲ್ಲಿ ಮೊದಲೇ ಸಿದ್ಧವಿರುವ ಅಚ್ಚು ಮಳೆ ನಕ್ಷತ್ರಗಳದ್ದು. ಸೂರ್ಯ 27 ನಕ್ಷತ್ರಗಳನ್ನು ದಾಟಲು ಒಂದು ವರ್ಷ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಏಪ್ರಿಲ್ ನಡುವಿನ ಅಶ್ವಿನಿಯಿಂದ ಶುರು. ಭರಣಿ ಏಪ್ರಿಲ್ ಕೊನೆಗೆ, ರೋಹಿಣಿ ಮೇ 25ರ ಆಸುಪಾಸು, ಆರಿದ್ರಾ ಜೂನ್ 22ರ ಆಸುಪಾಸು. ಸರಿಯಾದ ದಿನ ಮನೆಯ ಕ್ಯಾಲೆಂಡರಿನಲ್ಲೇ ಇರುತ್ತದೆ. ಒಂದು ನಕ್ಷತ್ರಕ್ಕೆ ಒಂದು ತೆರೆಪುಟ, ಅಂದರೆ ಎದುರುಬದುರಿನ ಎರಡು ಪುಟ, ಮೀಸಲಿಟ್ಟರೆ ವರ್ಷಕ್ಕೆ 54 ಪುಟ, 120 ಪುಟದ ನೋಟ್‌ಬುಕ್ಕಿನ ಉಳಿದರ್ಧ ಚಿತ್ರಗಳಿಗೆ. ಒಂದು ವಾರ ತಪ್ಪಿದರೂ ಇನ್ನೊಂದು ವಾರ ಅದೇ ನಕ್ಷತ್ರದಲ್ಲಿ ಸಿಗುತ್ತದೆ. ಅಜ್ಜಿಯನ್ನು ಕೇಳಿದರೆ ಆ ಮಳೆಯ ಗಾದೆಯೊಂದು ಸಿಕ್ಕೀತು. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎಂಬುದು ನಿಮ್ಮೂರಲ್ಲಿ ನಿಜವೇ ಎಂದು ಪರೀಕ್ಷಿಸಲು ಮಳೆ ಅಳೆಯಬೇಕಾಗುತ್ತದೆ.

ಮಳೆಮಾಪಕಕ್ಕೆ ಬೇಕಾದದ್ದು ನೆಟ್ಟಗಿನ ಗೋಡೆಯ ಪಾತ್ರೆ. ಬಾಯಿ ಅಗಲವೋ ಕಿರಿದೋ ಲೆಕ್ಕಕ್ಕಿಲ್ಲ. ಬಾಯಿ ದೊಡ್ಡದಾದರೆ ಹೆಚ್ಚು ನೀರು ಬೀಳುತ್ತದೆ, ಅಷ್ಟೇ ಹೆಚ್ಚು ಜಾಗದಲ್ಲಿ ಹರಡುತ್ತದೆ, ಆಳ ಅದೇ. ಬಾಯಿ ಅಗಲವಾಗಿ ತಳ ಕಿರಿದಾದ ಬಕೆಟ್, ಲೋಟ ಇಟ್ಟರೆ ಮಾತ್ರ ಮಳೆ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಸೊಂಟವಿಲ್ಲದ್ದನ್ನು ಆರಿಸಿ, ಭುಜದ ಕೆಳಗೆ ಕತ್ತರಿಸಿ, ಮೇಲಿನ ತುಂಡನ್ನು ಮಗುಚಿ ಲಾಳಿಕೆಯಂತೆ ಒಳಗೆ ಕೂರಿಸಿ. ತಳ ಉಬ್ಬುತಗ್ಗಾಗಿರುವುದರಿಂದ ಜಲ್ಲಿಕಲ್ಲು ಹಾಕಿ, ನೆಟ್ಟಗಿನ ಭಾಗ ಶುರುವಾಗುವಲ್ಲಿಯವರೆಗೆ ನೀರು ತುಂಬಿ ಅಲ್ಲಿ ಸೊನ್ನೆಯ ಗುರುತು ಹಾಕಿ, ಮಿಲಿಮೀಟರಿನ ಪಟ್ಟಿ ಅಂಟಿಸಿ. ಜಲ್ಲಿಯ ಭಾರಕ್ಕೆ ಗಾಳಿಗೆ ಉರುಳುವುದೂ ಇಲ್ಲ. ಬಿಸಿಲಿಗೆ ನೀರು ಆರುವುದರಿಂದ ದಿನವೂ ಸೊನ್ನೆಗೆ ತಂದಿಡಬೇಕು. ಗೋಡೆಗೋ ಮರಕ್ಕೋ ಹತ್ತಿರ ಇಡಬೇಡಿ. ಗೋಡೆ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ. ಓದುವ ಹೊತ್ತು ಬೆಳಿಗ್ಗೆ 8.30, ಹವಾಮಾನ ಇಲಾಖೆಯೂ ದಿನದ ಮಳೆಯನ್ನು ಎಣಿಸುವುದು ಆಗಲೇ. ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 2.5 ಮಿಲಿಮೀಟರ್ ಅಥವಾ ಹೆಚ್ಚು ಬಿದ್ದರೆ ಅದು ಮಳೆದಿನ. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. ತಾರಸಿಯ ಉದ್ದಗಲ ಅಳೆದರೆ ಆ ರಾತ್ರಿ ಎಷ್ಟು ಬಿಂದಿಗೆ ನೀರು ಚರಂಡಿಗೆ ಹೋಯಿತೆಂದು ಐದನೇ ತರಗತಿಯ ಮಗುವೇ ಲೆಕ್ಕ ಹಾಕಬಲ್ಲದು.

ಎರಡು ಪುಟದ ಒಂದು ಬದಿ ಮಳೆಗಾದರೆ ಇನ್ನೊಂದು ಬದಿ ಒಂದು ಮರಕ್ಕೆ. ಬೀದಿಯ ಹೊಂಗೆಯೋ ಬೇವೋ ನುಗ್ಗೆಯೋ, ದಾರಿಯಲ್ಲಿ ದಿನವೂ ಎದುರಾಗುವಂಥದ್ದು. ಸೀಸನ್‌ವಾಚ್ ಎಂಬ ದೇಶಮಟ್ಟದ ಯೋಜನೆಯಲ್ಲಿ ಶಾಲಾಮಕ್ಕಳೂ ಮಾಡುವ ವಿಧಾನ ಸರಳ: ಚಿಗುರು, ಬಲಿತ ಎಲೆ, ಮೊಗ್ಗು, ಅರಳಿದ ಹೂ, ಕಾಯಿ, ಹಣ್ಣು, ಒಂದೊಂದಕ್ಕೂ "ಇಲ್ಲ", "ಸ್ವಲ್ಪ", "ಬಹಳ" ಎಂಬ ಮೂರರಲ್ಲಿ ಒಂದು. ಇಡೀ ಮರವನ್ನು ಮೂರು ಪಾಲು ಮಾಡಿ ಒಂದು ಪಾಲಿಗಿಂತ ಹೆಚ್ಚಿದ್ದರೆ ಬಹಳ. "ಇಲ್ಲ" ಎಂಬುದನ್ನು ಬರೆಯದೆ ಬಿಡುವುದು ಎಲ್ಲರೂ ಮಾಡುವ ತಪ್ಪು. ಖಾಲಿ ಬಿಟ್ಟರೆ ಹೂವಿರಲಿಲ್ಲವೋ ನೋಡಲಿಲ್ಲವೋ ಆಮೇಲೆ ತಿಳಿಯದು.

ಹಕ್ಕಿಗಳಿಗೆ ಪ್ರತಿ ನಕ್ಷತ್ರಕ್ಕೊಮ್ಮೆ 15 ನಿಮಿಷ. ಬೆಳಿಗ್ಗೆ ಒಂದೇ ಕಿಟಕಿ, ಕಂಡ ಒಂದೊಂದು ಬಗೆಯ ಹಕ್ಕಿಗೂ ಒಂದು ಸಮಯದಲ್ಲಿ ಕಂಡ ಅತಿ ಹೆಚ್ಚಿನ ಸಂಖ್ಯೆ. ಬಂದುಹೋಗುವ ಒಂದೇ ಗೊರವಂಕವನ್ನು ಐದು ಸಲ ಕೂಡಿಸದಿರಲು ಈ ನಿಯಮ. ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ನಡೆಯುವ ಹಿತ್ತಲ ಹಕ್ಕಿಗಣತಿಗೂ ಕನಿಷ್ಠ ಅವಧಿ ಇದೇ 15 ನಿಮಿಷ, ಹಾಗಾಗಿ ಮಗುವಿನ ಪಟ್ಟಿಯನ್ನು ನೇರ ಅಲ್ಲಿಗೆ ಸೇರಿಸಬಹುದು.

ಮೋಡವಿಲ್ಲದ ತಿಂಗಳುಗಳಲ್ಲಿ ಚಂದ್ರ. ಅಮಾವಾಸ್ಯೆಯ ಎರಡನೇ ಮೂರನೇ ದಿನದಿಂದ, ಸಂಜೆ 7ಕ್ಕೆ, ತಾರಸಿಯ ಒಂದೇ ಮೂಲೆಯಲ್ಲಿ ನಿಂತು ನೀರಿನ ಟ್ಯಾಂಕು, ತೆಂಗಿನ ಮರ ಬರೆದುಕೊಂಡು, ಅದರ ಮೇಲೆ ಚಂದ್ರ ಎಲ್ಲಿದ್ದಾನೆಂದು ದಿನವೂ ಗುರುತು. ಕೈ ನೀಡಿ ಹಿಡಿದ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಚಂದ್ರ ದಿನಕ್ಕೆ ಒಂದು ಮುಷ್ಟಿಗಿಂತ ಸ್ವಲ್ಪ ಹೆಚ್ಚು ಪೂರ್ವಕ್ಕೆ ಸರಿದಿರುತ್ತಾನೆ. ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿದರೆ ಒಂದು ತಿಥಿ, ಪಂಚಾಂಗದ ವ್ಯಾಖ್ಯೆಯೇ ಅದು. ಮಗು ತನ್ನ ಮುಷ್ಟಿಯಿಂದ ಅಳೆದದ್ದು ಬಿದಿಗೆ, ತದಿಗೆ, ಚೌತಿಯನ್ನೇ.

ವಯಸ್ಸಿಗೆ ತಕ್ಕಂತೆ, ಮತ್ತು ಜೋಪಾನ

ಆರರೊಳಗಿನ ಮಕ್ಕಳು ಹೇಳಲಿ, ದೊಡ್ಡವರು ಅವರ ಮಾತಿನಲ್ಲೇ ಬರೆದುಕೊಳ್ಳಲಿ. ತಿದ್ದಿ ಗ್ರಂಥಸ್ಥ ಮಾಡಬೇಡಿ. ಆರರಿಂದ ಎಂಟು: ಚಿತ್ರ ಮತ್ತು ಭಾಗಗಳಿಗೆ ಹೆಸರು. ಒಂಬತ್ತರ ಮೇಲೆ ಅಳತೆ, ಗ್ರಾಫ್, ಕೋಷ್ಟಕ. ಬರೆಯಲು ಒಲ್ಲದ ಮಗುವಿಗೆ ಎಲೆಯ ಹಿಂಬದಿ ಮೇಲೆ ತೆಳು ಕಾಗದ ಇಟ್ಟು ಕ್ರೇಯಾನಿನ ಮಗ್ಗುಲಿನಿಂದ ಉಜ್ಜಲು ಕೊಡಿ, ನರಗಳು ತಾವೇ ಮೂಡುತ್ತವೆ.

ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಅಪಾಯ, ಕಣಗಿಲೆಯ ಪ್ರತಿ ಭಾಗವೂ ವಿಷ. ಎರಡನ್ನೂ ಮುಟ್ಟದೆ ನೋಡಬೇಕು. ನುಗ್ಗೆ ಮರದ ಕಾಂಡಕ್ಕೆ ಗುಂಪಾಗಿ ಅಂಟಿದ ಕಂಬಳಿಹುಳುಗಳ ಕೂದಲು ಚರ್ಮಕ್ಕೆ ತಾಗಿದರೆ ತುರಿ, ಉರಿ; ಉಜ್ಜದೆ ಅಂಟುಪಟ್ಟಿ ಒತ್ತಿ ಕಿತ್ತು, ಆಮೇಲೆ ಸೋಪು ಹಚ್ಚಿ ತೊಳೆಯಿರಿ. ಕಲ್ಲು, ಇಟ್ಟಿಗೆ, ತರಗೆಲೆಯ ರಾಶಿಗೆ ಬರಿಗೈ ಹಾಕಬಾರದು, ಹಾವು ಚೇಳಿನ ಭಯ ಸುಳ್ಳಲ್ಲ. ಹಕ್ಕಿಯ ಗೂಡನ್ನು ದೂರದಿಂದ ನೋಡಿ ಬರೆಯಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಯ ಮೊಟ್ಟೆ, ಗೂಡನ್ನು ಕದಲಿಸುವುದನ್ನೂ ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ.

ವರ್ಷ ತುಂಬಿದ ಮೇಲೆ ಹೊಸ ನೋಟ್‌ಬುಕ್ ತೆರೆಯುವಾಗ ಹಳೆಯದನ್ನು ಪಕ್ಕದಲ್ಲೇ ತೆರೆದಿಡಿ. ಕಳೆದ ಸಲ ಭರಣಿಯಲ್ಲಿ ಎಷ್ಟು ಮಿಲಿಮೀಟರ್, ಬೀದಿಯ ಹೊಂಗೆಯಲ್ಲಿ ಹೂವು "ಸ್ವಲ್ಪ"ದಿಂದ "ಬಹಳ"ಕ್ಕೆ ಹೋದದ್ದು ಯಾವ ದಿನ, ಕರಿಬೇವಿನಲ್ಲಿ ಮೊದಲ ಹಳದಿ ಮೊಟ್ಟೆ ಕಂಡದ್ದು ಯಾವಾಗ? ಈ ವರ್ಷದ ಉತ್ತರವನ್ನು ಮಗು ಮೊದಲು ಊಹಿಸಿ "ಅಂದುಕೊಂಡದ್ದು" ಪಾಲಿನಲ್ಲಿ ಪೆನ್ಸಿಲಿನಿಂದ ಬರೆದಿಡಲಿ. ಆಮೇಲೆ ಗಿಡದ ಹತ್ತಿರ ಹೋಗಲಿ.